ಕೊಟ್ಟ ವಸ್ತುವನ್ನು ವಾಪಸ್ ಕೇಳಿದರೆ ಸ್ನೇಹ ಕೆಡುತ್ತಾ?

ಪ್ರಶ್ನೆ: ನನಗೆ 38 ವರ್ಷ. ಎರಡು ವರ್ಷದ ಹಿಂದೆ ನನ್ನ ಹತ್ತಿರದ ಗೆಳತಿ ‘ನಾಲ್ಕು ಬಟ್ಟೆ ಆಲ್ಟರ್ ಮಾಡ್ಕೋಬೇಕು, ಒಂದು ವಾರ ನಿನ್ನ ಹೊಲಿಗೆ ಮೆಷಿನ್ ಕೊಡ್ತೀಯಾ’ ಎಂದು ಕೇಳಿದಳು. ಕೊಟ್ಟೆ. ಅದು ನನ್ನ ಅಮ್ಮ ಬಳಸುತ್ತಿದ್ದ ಮೆಷಿನ್. ಅಮ್ಮ ಈಗಿಲ್ಲ. ವಾರ ಹೋಗಿ ತಿಂಗಳಾಯಿತು, ತಿಂಗಳು ಹೋಗಿ ವರ್ಷವಾಯಿತು. ಈಗ ಅವಳು ಅದರಲ್ಲೇ ಅಕ್ಕಪಕ್ಕದವರ ಬಟ್ಟೆ ಹೊಲಿದುಕೊಟ್ಟು ಸ್ವಲ್ಪ ಸಂಪಾದನೆಯನ್ನೂ ಮಾಡುತ್ತಿದ್ದಾಳೆ. ಮೊನ್ನೆ ಫೋನಿನಲ್ಲಿ ‘ನನ್ನ ಮೆಷಿನ್ ಯಾಕೋ ಸದ್ದು ಮಾಡ್ತಿದೆ’ ಅಂದಳು. ಕೇಳಿ ಎದೆ ಧಸಕ್ ಎಂದಿತು. ‘ನಾನೂ ಹೊಲಿಗೆ ಕಲೀಬೇಕು ಅಂತಿದ್ದೀನಿ’ ಎಂದು ಎರಡು ಮೂರು ಸಲ ಸೂಚನೆ ಕೊಟ್ಟೆ. ‘ಕಲಿ ಕಲಿ, ಒಳ್ಳೇದು’ ಅಂದಳು, ಅಷ್ಟೇ.

ಇದೊಂದೇ ಅಲ್ಲ. ಒಬ್ಬ ಗೆಳೆಯನಿಗೆ ಕೊಟ್ಟ ಡ್ರಿಲ್ಲಿಂಗ್ ಮೆಷಿನ್ ಆರು ತಿಂಗಳ ನಂತರ ಬಂತು. ಬಿಟ್ ಹಿಡಿಯುವ ಭಾಗ ಮುರಿದಿತ್ತು. ಅವನು ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಪುಸ್ತಕಗಳ ಲೆಕ್ಕವನ್ನಂತೂ ಬಿಟ್ಟೇಬಿಟ್ಟಿದ್ದೇನೆ. ನನ್ನ ಗಂಡ ‘ನಿನ್ನದು ಮೆತ್ತನೆ ಸ್ವಭಾವ, ಇನ್ಮೇಲೆ ಯಾರಿಗೂ ಏನೂ ಕೊಡಬೇಡ’ ಅನ್ನುತ್ತಾರೆ. ಕೇಳಿದರೆ ಸಣ್ಣತನ ಅನಿಸುತ್ತದೆ. ಕೇಳದಿದ್ದರೆ ಒಳಗೊಳಗೇ ಕುದಿಯುತ್ತೇನೆ. ಗೆಳತಿಯ ಫೋನ್ ಎತ್ತುವುದೂ ಕಡಿಮೆಯಾಗಿದೆ. ಅವಳು ಬೇಕಂತಲೇ ಹೀಗೆ ಮಾಡುತ್ತಿದ್ದಾಳಾ? ನಾನೇನು ಮಾಡಲಿ?

ಉತ್ತರ: ನಿಮ್ಮ ಪತ್ರದ ಕೊನೆಯಿಂದಲೇ ಶುರು ಮಾಡುತ್ತೇನೆ. ಅವಳ ಫೋನ್ ಎತ್ತುವುದು ಕಡಿಮೆಯಾಗಿದೆ ಎಂದಿದ್ದೀರಿ. ಇಡೀ ಪತ್ರದಲ್ಲಿ ನನಗೆ ಜಾಸ್ತಿ ಕಳವಳ ತಂದದ್ದು ಆ ಸಾಲು. ಮೆಷಿನ್ ಅವಳ ಮನೆಯಲ್ಲಿದೆ, ಓಡುತ್ತಿದೆ, ತರಬೇಕೆಂದರೆ ತರಬಹುದು. ಸ್ನೇಹ ಮಾತ್ರ ಈಗಾಗಲೇ ಸವೆಯುತ್ತಿದೆ. ಅದೂ ಅವಳಿಗೆ ಗೊತ್ತೇ ಇಲ್ಲದೆ.

ಆಪ್ತಸಮಾಲೋಚನೆಗೆ ಬರುವವರು ‘ಕೊಟ್ಟ ವಸ್ತು ವಾಪಸ್ ಬಂದಿಲ್ಲ’ ಎಂದು ಬರುವುದಿಲ್ಲ. ‘ಹಳೆಯ ಗೆಳೆಯನ ಜತೆ ಯಾಕೋ ಮೊದಲಿನ ಹಾಗಿಲ್ಲ’ ಎಂದು ಬರುತ್ತಾರೆ. ಮಾತು ಬಿಚ್ಚುತ್ತಾ ಹೋದರೆ ತಳದಲ್ಲೆಲ್ಲೋ ಒಂದು ಕ್ಯಾಮೆರಾ, ಒಂದು ಸೂಟ್‌ಕೇಸ್, ಒಂದು ಟೆಂಟ್ ಸಿಗುತ್ತದೆ. ಜಗಳ ಆಗಿರುವುದೇ ಇಲ್ಲ. ಒಬ್ಬರು ಕೇಳಲಿಲ್ಲ, ಇನ್ನೊಬ್ಬರು ಕೊಡಲಿಲ್ಲ, ನಡುವೆ ಓಡಾಟ ನಿಂತಿತು. ತೆಗೆದುಕೊಂಡವರಿಗೆ ಇವರು ಯಾಕೆ ದೂರವಾದರು ಎಂದೇ ಗೊತ್ತಿರುವುದಿಲ್ಲ. ಹಾಗಾಗಿ ‘ಕೇಳಿದರೆ ಸ್ನೇಹ ಕೆಡುತ್ತೆ’ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಾನು ಕಂಡಂತೆ, ಕೇಳದೆ ಕೆಟ್ಟ ಸ್ನೇಹಗಳೇ ಜಾಸ್ತಿ.

ಈಗ ನಿಮ್ಮ ಮೊದಲ ಪ್ರಶ್ನೆ. ಅವಳು ಬೇಕಂತಲೇ ಮಾಡುತ್ತಿದ್ದಾಳಾ? ನೀವು ಬರೆದಿರುವುದನ್ನು ನೋಡಿದರೆ ಹಾಗನಿಸುವುದಿಲ್ಲ. ಬೇಕಂತಲೇ ಇಟ್ಟುಕೊಂಡವರು ಆ ವಸ್ತುವಿನ ಸುದ್ದಿಯನ್ನೇ ನಿಮ್ಮ ಮುಂದೆ ಎತ್ತುವುದಿಲ್ಲ. ಇವಳು ಮೆಷಿನ್ ಸದ್ದು ಮಾಡುತ್ತಿದೆ ಎಂದು ನಿಮಗೇ ಹೇಳುತ್ತಿದ್ದಾಳೆ. ಮುಚ್ಚಿಡಲು ಏನೂ ಇಲ್ಲ ಎಂದುಕೊಂಡವರು ಮಾತ್ರ ಹಾಗೆ ಹೇಳುತ್ತಾರೆ. ಅವಳ ಲೆಕ್ಕದಲ್ಲಿ ಈ ವಿಷಯ ಎಂದೋ ಇತ್ಯರ್ಥವಾಗಿದೆ. ನಿಮ್ಮ ಲೆಕ್ಕದಲ್ಲಿ ಇನ್ನೂ ಬಾಕಿ ಇದೆ.

ಹೀಗಾಗುವುದಕ್ಕೆ ಕಾರಣಗಳಿವೆ. ಕೈಯಲ್ಲಿರುವ ವಸ್ತು ‘ನಮ್ಮದು’ ಅನಿಸಲು ಹೆಚ್ಚು ಹೊತ್ತು ಬೇಕಿಲ್ಲ. ಡೇನಿಯಲ್ ಕಾನೆಮನ್, ಜ್ಯಾಕ್ ನೆಟ್ಶ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ತುಂಬಾ ಹೆಸರಾಗಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ತರಗತಿಯಲ್ಲಿ ಅರ್ಧ ವಿದ್ಯಾರ್ಥಿಗಳಿಗೆ ಒಂದೊಂದು ಮಗ್ ಕೊಟ್ಟರು. ಆಮೇಲೆ ಅದನ್ನು ಮಾರಲು, ಕೊಳ್ಳಲು ಅವಕಾಶ ಮಾಡಿಕೊಟ್ಟರು. ಮಗ್ ಸಿಕ್ಕಿದವರು ಕೇಳಿದ ಬೆಲೆ, ಸಿಗದವರು ಕೊಡಲು ಒಪ್ಪಿದ ಬೆಲೆಯ ಎರಡು ಪಟ್ಟಿನಷ್ಟಿತ್ತು. ಮಗ್ ಅವರ ಕೈ ಸೇರಿ ಸ್ವಲ್ಪ ಹೊತ್ತಷ್ಟೇ ಆಗಿತ್ತು. ಜೋನ್ ಪೆಕ್ ಮತ್ತು ಸುಝಾನ್ ಶು 2009ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ವಸ್ತು ನಮ್ಮದಲ್ಲದಿದ್ದರೂ ಸರಿ, ಸುಮ್ನೆ ಮುಟ್ಟಿ ನೋಡಿದರೇ ‘ನನ್ನದು’ ಎನ್ನುವ ಭಾವ ಹೆಚ್ಚುತ್ತದೆ ಎಂದು ಅವರು ತೋರಿಸಿದರು. ಮುಟ್ಟಿದ್ದಕ್ಕೇ ಹೀಗಾದರೆ ದಿನವೂ ಎಣ್ಣೆ ಹಾಕಿ, ಸೂಜಿ ಬದಲಿಸಿ, ಬಾಬಿನ್‌ಗೆ ದಾರ ಸುತ್ತಿ, ಎರಡು ವರ್ಷ ಅದರ ಮುಂದೆ ಕೂತವಳಿಗೆ ಏನನಿಸಬೇಕು? ‘ನನ್ನ ಮೆಷಿನ್’ ಎಂದದ್ದು ಕಳ್ಳತನದ ಮಾತಲ್ಲ. ಅಭ್ಯಾಸದ ಮಾತು. ಅದು ನಿಮಗೆ ನೋವು ಕೊಟ್ಟದ್ದು ನಿಜ. ಅವಳ ಉದ್ದೇಶಕ್ಕೆ ಅದನ್ನು ಸಾಕ್ಷಿಯಾಗಿ ಹಿಡಿಯಬೇಡಿ.

ಇನ್ನೊಂದು ನೆನಪಿನ ವಿಷಯ. ‘ಮುಂದೆ ಇಂಥದ್ದು ಮಾಡಬೇಕು’ ಎಂದು ನೆನಪಿಟ್ಟುಕೊಳ್ಳುವುದು ಮನಸ್ಸಿನ ಕಷ್ಟದ ಕೆಲಸಗಳಲ್ಲೊಂದು. ಏನಾದರೂ ಕಣ್ಣಿಗೆ ಬಿದ್ದು ನೆನಪಿಸಿದರೆ ಆ ಕೆಲಸ ಆಗುತ್ತದೆ. ತನ್ನಷ್ಟಕ್ಕೆ ಹೊಳೆಯಬೇಕು ಎಂದರೆ ಬಹಳ ಸಲ ಆಗುವುದಿಲ್ಲ. ಎರವಲು ತಂದ ವಸ್ತು ಮೊದಲ ವಾರ ಬಾಗಿಲ ಹತ್ತಿರ ಇರುತ್ತದೆ, ನೋಡಿದಾಗೆಲ್ಲ ‘ಕೊಡಬೇಕು’ ಅನಿಸುತ್ತದೆ. ಒಂದು ಮೂಲೆ ಹಿಡಿದು ಕೂತ ಮೇಲೆ ಅದು ಮನೆಯ ಸಾಮಾನುಗಳಲ್ಲಿ ಒಂದಾಗುತ್ತದೆ. ದಿನಾ ಕಂಡರೂ ಯಾವುದನ್ನೂ ನೆನಪಿಸುವುದಿಲ್ಲ. ಈ ಮಾತು ನಂಬಲು ಕಷ್ಟವಾದರೆ ಇವತ್ತೇ ನಿಮ್ಮ ಕಪಾಟು ತೆರೆದು ನೋಡಿ. ನಿಮ್ಮದಲ್ಲದ ಒಂದು ಪುಸ್ತಕ, ಒಂದು ಡಬ್ಬಿ, ಒಂದು ಛತ್ರಿ ಖಂಡಿತ ಸಿಗುತ್ತದೆ. ಸಲಹೆಗೆ ಬಂದವರಿಗೆ ನಾನು ಇದನ್ನು ಹೇಳುತ್ತಲೇ ಇರುತ್ತೇನೆ. ಬರಿಗೈಯಲ್ಲಿ ಬಂದವರು ಅಪರೂಪ. ಆ ಛತ್ರಿಯ ಒಡೆಯರ ಬಗ್ಗೆ ನಿಮಗೆ ಕೆಟ್ಟ ಉದ್ದೇಶ ಇತ್ತಾ? ಇಲ್ಲ ಅಲ್ವಾ.

ಆದರೆ ನನ್ನ ಮಟ್ಟಿಗೆ ನಿಮ್ಮ ಪ್ರಸಂಗದ ನಿಜವಾದ ಗಂಟು ಬೇರೆ ಕಡೆ ಇದೆ. ಉಪಕಾರದ ತೂಕ ಕೊಟ್ಟವರಿಗೂ ಪಡೆದವರಿಗೂ ಒಂದೇ ರೀತಿ ಬದಲಾಗುವುದಿಲ್ಲ. ಫ್ರಾನ್ಸಿಸ್ ಫ್ಲಿನ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಇದನ್ನೇ. ಪಡೆದವರಿಗೆ ಉಪಕಾರ ಆ ಕ್ಷಣದಲ್ಲಿ ತುಂಬಾ ದೊಡ್ಡದು, ದಿನ ಕಳೆದಂತೆ ಅದು ಸಣ್ಣದಾಗುತ್ತಾ ಹೋಗುತ್ತದೆ. ಕೊಟ್ಟವರಿಗೆ ಉಲ್ಟಾ. ಕೊಡುವಾಗ ‘ಅದರಲ್ಲೇನಿದೆ, ತಗೊಂಡು ಹೋಗು’ ಎಂದಿರುತ್ತಾರೆ, ಕಾಲ ಸರಿದಂತೆ ಅದು ಮನಸ್ಸಿನಲ್ಲಿ ಬೆಳೆಯುತ್ತದೆ. ಈಗ ನಿಮ್ಮಿಬ್ಬರನ್ನು ನೋಡಿ. ಎರಡು ವರ್ಷದಲ್ಲಿ ಅವಳಿಗೆ ಇದು ಹಳೆಯ, ಸಣ್ಣ ವಿಷಯವಾಗಿದೆ. ನಿಮಗೆ ದಿನದಿನಕ್ಕೂ ದೊಡ್ಡದಾಗಿದೆ. ಅದರ ಮೇಲೆ, ಅದು ಅಮ್ಮನ ಮೆಷಿನ್. ಆ ವಿಷಯ ಅವಳಿಗೆ ಗೊತ್ತಾ? ನಿಮ್ಮ ಪತ್ರದಲ್ಲಿ ಎಲ್ಲೂ ಹೇಳಿಲ್ಲ. ಗೊತ್ತಿಲ್ಲದಿದ್ದರೆ, ನೀವು ಕೊಟ್ಟದ್ದು ಒಂದು, ಅವಳು ತೆಗೆದುಕೊಂಡದ್ದು ಇನ್ನೊಂದು. ನೀವು ಅಮ್ಮನ ನೆನಪನ್ನು ಕೊಟ್ಟಿರಿ. ಅವಳು ಬಟ್ಟೆ ಹೊಲಿಯುವ ಯಂತ್ರ ತೆಗೆದುಕೊಂಡಳು. ಅದು ಮನೆಯಲ್ಲಿ ಸುಮ್ನೆ ಇರುವ ಹಳೆಯ ಮೆಷಿನ್, ಇವಳಿಗೇನೂ ಅವಸರವಿಲ್ಲ ಎಂದು ಅವಳು ಅಂದುಕೊಂಡಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

‘ಸೂಚನೆ ಕೊಟ್ಟೆನಲ್ಲ’ ಎಂದು ನೀವು ಹೇಳಬಹುದು. ಸೂಚನೆಗಳ ಬಗ್ಗೆ ನನಗೆ ನಂಬಿಕೆ ತೀರಾ ಕಡಿಮೆ. ನಮ್ಮ ಮನಸ್ಸಿನಲ್ಲಿರುವುದು ಎದುರಿನವರಿಗೆ ಕಾಣುತ್ತಿದೆ ಎಂದು ನಾವು ಯಾವಾಗಲೂ ಜಾಸ್ತಿ ಅಂದಾಜು ಮಾಡುತ್ತೇವೆ. ಥಾಮಸ್ ಗಿಲೋವಿಚ್ ಮತ್ತು ಜತೆಗಾರರು 1998ರಲ್ಲಿ ಇದನ್ನು ಹಲವು ಪ್ರಯೋಗಗಳಲ್ಲಿ ತೋರಿಸಿದರು. ಸುಳ್ಳು ಹೇಳಿದವರು ತಾವು ಸಿಕ್ಕಿಬಿದ್ದೆವು ಎಂದುಕೊಂಡರು, ಕೇಳುವವರಿಗೆ ಅಷ್ಟೇನೂ ಗೊತ್ತಾಗಿರಲಿಲ್ಲ. ನೀವು ‘ಹೊಲಿಗೆ ಕಲೀಬೇಕು’ ಎಂದಾಗ ನಿಮ್ಮ ಕಿವಿಗೆ ‘ನನ್ನ ಮೆಷಿನ್ ಕೊಡು’ ಎಂದು ಕೇಳಿಸಿತು. ಅವಳಿಗೆ ಕೇಳಿಸಿದ್ದು ಹೊಲಿಗೆ ಕಲಿಯುವ ಆಸೆ. ಅದಕ್ಕೆ ಅವಳು ಪ್ರೋತ್ಸಾಹದ ಉತ್ತರವನ್ನೇ ಕೊಟ್ಟಳು. ಸೂಚನೆಯ ಇನ್ನೊಂದು ಅಪಾಯ ಏನೆಂದರೆ, ಅದು ಸೋತಾಗ ‘ಇಷ್ಟು ಸಲ ಹೇಳಿದರೂ ಕೊಡಲಿಲ್ಲ’ ಎನ್ನುವ ಆರೋಪ ನಮ್ಮೊಳಗೆ ಸಿದ್ಧವಾಗುತ್ತದೆ. ನಿಜಕ್ಕೂ ಒಂದು ಸಲವೂ ಹೇಳಿರುವುದಿಲ್ಲ.

ಇನ್ನು ‘ಸ್ನೇಹದಲ್ಲಿ ಲೆಕ್ಕ ಇಡಬಾರದು’ ಎನ್ನುವ ಮಾತು. ಇದರಲ್ಲಿ ಅರ್ಧ ಸತ್ಯ ಇದೆ. ಮಾರ್ಗರೆಟ್ ಕ್ಲಾರ್ಕ್ ಮತ್ತು ಜಡ್ಸನ್ ಮಿಲ್ಸ್ ಎಂಬ ಮನಶ್ಶಾಸ್ತ್ರಜ್ಞರು 1979ರಿಂದಲೇ ಸಂಬಂಧಗಳನ್ನು ಎರಡು ಬಗೆಯಾಗಿ ನೋಡಿದರು. ಒಂದರಲ್ಲಿ ಕೊಟ್ಟದ್ದಕ್ಕೆ ಸಮನಾಗಿ ಪಡೆಯುವ ನಿರೀಕ್ಷೆ ಇರುತ್ತದೆ, ವ್ಯಾಪಾರದ ಹಾಗೆ. ಇನ್ನೊಂದರಲ್ಲಿ ಎದುರಿನವರಿಗೆ ಬೇಕಿದೆ ಎನ್ನುವುದಷ್ಟೇ ಮುಖ್ಯ. ಗೆಳೆತನ ಎರಡನೆಯದು. ಅಲ್ಲಿ ಕೂಡಲೇ ಲೆಕ್ಕ ಚುಕ್ತಾ ಮಾಡಲು ಹೋದರೆ ಪ್ರೀತಿ ಕಡಿಮೆಯಾಗುತ್ತದೆ, ಅದು ಸರಿ. ಆದರೆ ಸಹಾಯದ ಲೆಕ್ಕ ಇಡದಿರುವುದು ಬೇರೆ, ವಸ್ತುವನ್ನು ವಾಪಸ್ ಕೇಳದಿರುವುದು ಬೇರೆ. ಅವಳಿಗೆ ಮೆಷಿನ್ ಬಳಸಲು ಕೊಟ್ಟದ್ದು ನಿಮ್ಮ ಸಹಾಯ. ಅದಕ್ಕೆ ನೀವು ಬಾಡಿಗೆ ಕೇಳುತ್ತಿಲ್ಲ, ಬದಲಿಗೆ ಏನನ್ನೂ ಕೇಳುತ್ತಿಲ್ಲ. ನಿಮ್ಮ ವಸ್ತು ನಿಮ್ಮ ಮನೆಗೆ ಬರಲಿ ಎನ್ನುತ್ತಿದ್ದೀರಿ. ಇದು ಸಣ್ಣತನ ಹೇಗಾಗುತ್ತದೆ?

ಈ ವ್ಯತ್ಯಾಸ ತುಂಬಾ ಹಳೆಯದು. ಪುರಾತನ ರೋಮನ್ ಕಾನೂನಿನಲ್ಲಿ ಎರಡು ಬಗೆಯ ಕೊಡುವಿಕೆ ಇತ್ತು. ಹಣ, ಧಾನ್ಯ, ಎಣ್ಣೆ ಕೊಟ್ಟರೆ ಅಷ್ಟೇ ಪ್ರಮಾಣ ವಾಪಸ್ ಬಂದರೆ ಸಾಕು. ಕುದುರೆಯನ್ನೋ ಪಾತ್ರೆಯನ್ನೋ ಬಳಸಲು ಕೊಟ್ಟರೆ ಅದೇ ವಸ್ತು ವಾಪಸ್ ಬರಬೇಕು, ಮತ್ತು ಒಪ್ಪಿಕೊಂಡ ಕೆಲಸಕ್ಕಷ್ಟೇ ಬಳಸಬೇಕು. ಚಕ್ರವರ್ತಿ ಜಸ್ಟಿನಿಯನ್ ಕಾಲದ, 533ರ ಕಾನೂನು ಪಠ್ಯದಲ್ಲಿ ಒಂದು ಉದಾಹರಣೆ ಇದೆ. ಸವಾರಿಗೆಂದು ಕುದುರೆ ಕೇಳಿ ಪಡೆದವನು ಅದನ್ನು ಒಪ್ಪಿದ್ದಕ್ಕಿಂತ ದೂರಕ್ಕೆ ಓಡಿಸಿಕೊಂಡು ಹೋದರೆ ಅದು ಕಳ್ಳತನಕ್ಕೆ ಸಮ. ಆದರೆ ಅಲ್ಲೇ ಒಂದು ವಿನಾಯಿತಿಯೂ ಇದೆ. ಕೇಳಿದ್ದರೆ ಮಾಲೀಕ ಒಪ್ಪುತ್ತಿದ್ದ ಎಂದು ಅವನು ನಂಬಿದ್ದರೆ ಕಳ್ಳತನವಲ್ಲ. ನಿಮ್ಮ ಗೆಳತಿ ನಿಂತಿರುವುದು ಸರಿಯಾಗಿ ಇದೇ ಜಾಗದಲ್ಲಿ. ನಾಲ್ಕು ಬಟ್ಟೆಗೆಂದು ತಂದದ್ದರಲ್ಲಿ ಊರಿನ ಬಟ್ಟೆ ಹೊಲಿಯುತ್ತಿದ್ದಾಳೆ. ನೀವು ಸುಮ್ಮನಿರುವುದನ್ನು ನೋಡಿ ಒಪ್ಪಿಗೆ ಇದೆ ಎಂದುಕೊಂಡಿದ್ದಾಳೆ. ಆ ನಂಬಿಕೆಯನ್ನು ತಿದ್ದಬಲ್ಲವರು ನೀವೊಬ್ಬರೇ. ತಿದ್ದಿದ ಮೇಲೂ ಇಟ್ಟುಕೊಂಡರೆ ಆಗ ಅವಳ ಬಗ್ಗೆ ಬೇರೆ ತೀರ್ಮಾನಕ್ಕೆ ಬರಬಹುದು. ಅದಕ್ಕೆ ಮೊದಲು ಬೇಡ.

ಕೇಳುವುದೇನೋ ಸರಿ, ಹೇಗೆ? ನೇರವಾಗಿ, ಚಿಕ್ಕದಾಗಿ, ದಿನಾಂಕ ಸಮೇತ. ಮೊದಲು ಫೋನ್ ಮಾಡಿ ಅಥವಾ ಎದುರಿಗೆ ಕೂತು ಹೇಳಿ. ಬರೆದದ್ದನ್ನು ಓದುವಾಗ ದನಿ ಕೇಳಿಸುವುದಿಲ್ಲ, ಇಂಥ ವಿಷಯದಲ್ಲಿ ಜನ ಕೆಟ್ಟ ದನಿಯನ್ನೇ ಊಹಿಸಿಕೊಳ್ಳುತ್ತಾರೆ. ಮಾತು ಹೀಗಿರಬಹುದು:

‘ಒಂದು ವಿಷಯ ಹೇಳಬೇಕಿತ್ತು ಕಣೇ. ಹೊಲಿಗೆ ಮೆಷಿನ್ ತಗೊಂಡು ಹೋಗಿದ್ದೆಯಲ್ಲ, ಅದು ನನಗೆ ವಾಪಸ್ ಬೇಕು. ಅದು ನಮ್ಮಮ್ಮಂದು. ಕೊಡುವಾಗ ನಾನು ಅದನ್ನ ಹೇಳಲಿಲ್ಲ. ನೀನು ಈಗ ಅದರಲ್ಲಿ ಕೆಲಸ ಮಾಡ್ತಿದ್ದೀಯ ಅಂತ ಗೊತ್ತು, ಅದಕ್ಕೇ ನಾಳೆನೇ ಅಂತಿಲ್ಲ. ಮುಂದಿನ ತಿಂಗಳ ಕೊನೇ ಭಾನುವಾರ ನಾನೇ ಬಂದು ತಗೊಂಡು ಹೋಗ್ಲಾ?’

ಇದರಲ್ಲಿ ‘ನಿನಗೆ ತೊಂದರೆ ಆಗದಿದ್ದರೆ’, ‘ನಿಧಾನಕ್ಕೆ ಯಾವಾಗಾದರೂ’ ಎನ್ನುವ ಮಾತುಗಳಿಲ್ಲ, ಗಮನಿಸಿ. ಮರ್ಯಾದೆಗೆಂದು ಆಡುವ ಆ ಮಾತುಗಳನ್ನು ಕೇಳುವವರು ನಿಜವೆಂದೇ ತೆಗೆದುಕೊಳ್ಳುತ್ತಾರೆ. ‘ಎರಡು ವರ್ಷ ಆಯ್ತು’ ಎನ್ನುವ ಲೆಕ್ಕವೂ ಇಲ್ಲ. ಆ ಲೆಕ್ಕ ಕೇಳಿದ ಕೂಡಲೇ ಅವಳು ತನ್ನನ್ನು ಸಮರ್ಥಿಸಿಕೊಳ್ಳಲು ಶುರು ಮಾಡುತ್ತಾಳೆ, ಮೆಷಿನ್ ವಿಷಯ ಪಕ್ಕಕ್ಕೆ ಹೋಗುತ್ತದೆ. ‘ನಾನೇ ಬಂದು ತಗೊಂಡು ಹೋಗ್ತೀನಿ’ ಎನ್ನುವುದು ಬಹಳ ಮುಖ್ಯ. ಭಾರದ ವಸ್ತುಗಳು ವಾಪಸ್ ಬರದಿರುವುದಕ್ಕೆ ಸಾಗಿಸುವ ತಾಪತ್ರಯವೇ ಎಷ್ಟೋ ಸಲ ಕಾರಣ. ಇನ್ನು ದಿನಾಂಕ. ಮನಸ್ಸು ಮಾಡಿದರೂ ಆಗದ ಕೆಲಸಗಳು ಯಾವಾಗ, ಎಲ್ಲಿ, ಹೇಗೆ ಎಂದು ಮೊದಲೇ ಗೊತ್ತು ಮಾಡಿಕೊಂಡರೆ ಆಗಿಬಿಡುತ್ತವೆ. ಪೀಟರ್ ಗೋಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದ್ದಾರೆ. ‘ಕೊಡ್ತೀನಿ’ ಬರೀ ಆಸೆ. ‘ಭಾನುವಾರ ಹನ್ನೊಂದಕ್ಕೆ’ ಎಂದರೆ ಅದು ಒಪ್ಪಂದ.

ಅವಳು ಬೇಜಾರು ಮಾಡಿಕೊಳ್ಳುತ್ತಾಳೆ ಎನ್ನುವ ಭಯ ಇದೆಯಲ್ಲ, ಅದನ್ನೂ ಸ್ವಲ್ಪ ಅನುಮಾನದಿಂದ ನೋಡಿ. ಫ್ಲಿನ್ ಅವರೇ ವನೆಸ್ಸಾ ಲೇಕ್ ಜತೆ ಸೇರಿ 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಪರಿಚಿತರಿಂದ ಸಣ್ಣ ಸಹಾಯ ಪಡೆಯಲು ಎಷ್ಟು ಜನರನ್ನು ಕೇಳಬೇಕಾಗಬಹುದು ಎಂದು ಮೊದಲೇ ಊಹಿಸಲು ಹೇಳಿದರು. ನಿಜವಾಗಿ ಸುಮಾರು ಅದರ ಅರ್ಧದಷ್ಟು ಜನರನ್ನು ಕೇಳಿದರೆ ಸಾಕಾಯಿತು. ನೇರವಾಗಿ ಕೇಳಿದಾಗ ‘ಇಲ್ಲ’ ಅನ್ನುವುದು ಎದುರಿನವರಿಗೂ ಕಷ್ಟ. ಕೇಳುವವರಿಗೆ ಅದು ಕಾಣುವುದಿಲ್ಲ.

ಅವಳ ಸಂಪಾದನೆ ಇದರಲ್ಲಿ ಸೇರಿಕೊಂಡಿದೆ. ಇದು ನಿಮ್ಮನ್ನು ಕಟ್ಟಿಹಾಕಿರುವ ವಿಷಯ, ನನಗೆ ಅರ್ಥವಾಗುತ್ತದೆ. ನಿಮ್ಮ ಮುಂದೆ ಕೆಲವು ದಾರಿಗಳಿವೆ. ಯಾವುದೂ ಪೂರ್ತಿ ಸುಲಭವಲ್ಲ.

ಒಂದು, ಮೇಲೆ ಹೇಳಿದ ಹಾಗೆ ಗಡುವು ಕೊಟ್ಟು ವಾಪಸ್ ಪಡೆಯುವುದು. ನನ್ನ ಒಲವು ಇದಕ್ಕೇ. ಐದಾರು ವಾರದಲ್ಲಿ ಒಪ್ಪಿಕೊಂಡ ಬಟ್ಟೆಗಳನ್ನು ಮುಗಿಸಿ ಬೇರೆ ಮೆಷಿನ್ ನೋಡಿಕೊಳ್ಳಲು ಅವಳಿಗೆ ಸಮಯ ಸಿಗುತ್ತದೆ. ಗಡುವು ಮುಂದಕ್ಕೆ ಹೋಗುವ ಅಪಾಯವಂತೂ ಇದೆ. ‘ಇನ್ನೊಂದು ತಿಂಗಳು’ ಎಂದರೆ ಒಂದು ಸಲ ಒಪ್ಪಿ, ಎರಡನೇ ಸಲ ಒಪ್ಪಬೇಡಿ. ಬೇರೆ ಮೆಷಿನ್ ಹುಡುಕಲು ಜತೆಗೆ ಹೋಗುವಿರಾದರೆ ಇನ್ನೂ ಒಳ್ಳೆಯದು. ‘ನಿನ್ನ ಕೆಲಸ ನಿಲ್ಲಬಾರದು, ನನ್ನ ಮೆಷಿನ್ ನನಗೆ ಬೇಕು’ ಎನ್ನುವ ಎರಡೂ ಮಾತು ಒಟ್ಟಿಗೆ ತಲುಪುತ್ತವೆ.

ಇನ್ನೊಂದು ದಾರಿ ಅದನ್ನು ಅವಳಿಗೇ ಮಾರಿಬಿಡುವುದು. ಬೇರೆ ಯಾವುದೇ ವಸ್ತುವಾಗಿದ್ದರೆ ಇದನ್ನು ಮೊದಲು ಹೇಳುತ್ತಿದ್ದೆ. ಅಮ್ಮನ ಮೆಷಿನ್ ವಿಷಯದಲ್ಲಿ ಹೇಳಲಾರೆ. ಹಣ ಕೈಗೆ ಬಂದ ಮೇಲೂ ಕೊರಗು ಉಳಿಯುವ ಸಾಧ್ಯತೆ ತುಂಬಾ ಇದೆ, ಆಗ ವಾಪಸ್ ಕೇಳುವ ಹಕ್ಕೂ ಇರುವುದಿಲ್ಲ.

ಮೂರನೆಯದು, ಪೂರ್ತಿ ಕೊಟ್ಟುಬಿಡುವುದು. ಕೆಲವರು ಇದನ್ನು ನಿಜವಾಗಿ ಮಾಡಬಲ್ಲರು. ಅಮ್ಮನ ಮೆಷಿನ್ ಒಬ್ಬರಿಗೆ ಕೆಲಸ ಕೊಡುತ್ತಿದೆ ಎನ್ನುವುದೇ ಅವರಿಗೆ ಸಮಾಧಾನ ಕೊಡುತ್ತದೆ. ನಿಮಗೂ ಹಾಗನಿಸಿದರೆ ಅವಳಿಗೆ ಬಾಯಿಬಿಟ್ಟು ಹೇಳಿ: ‘ಇದನ್ನ ನೀನೇ ಇಟ್ಕೋ’. ಮನಸ್ಸಿನಲ್ಲೇ ‘ಹೋಗಲಿ ಬಿಡು’ ಎಂದುಕೊಂಡು ಹೇಳದೇ ಉಳಿದರೆ ಅದು ಬಿಟ್ಟದ್ದಲ್ಲ. ನಾನು ನೋಡಿದ ಅತಿ ಕಹಿಯಾದ ಮನಸ್ತಾಪಗಳು ಇಂಥ ‘ಬಿಟ್ಟುಬಿಟ್ಟೆ’ಗಳಿಂದಲೇ ಬಂದಿವೆ. ಹೊರಗೆ ಕ್ಷಮಿಸಿದವರು ಒಳಗೆ ಐದು ವರ್ಷ ಬಡ್ಡಿ ಸೇರಿಸುತ್ತಾ ಕೂತಿರುತ್ತಾರೆ. ನಿಮ್ಮ ಪತ್ರದ ದನಿ ನೋಡಿದರೆ ಈ ದಾರಿ ನಿಮಗಲ್ಲ ಅನಿಸುತ್ತದೆ.

ಮಧ್ಯದವರ ಮೂಲಕ ಹೇಳಿಸುವುದು ಮಾತ್ರ ಬೇಡವೇ ಬೇಡ. ಮೂರನೆಯವರ ಬಾಯಿಂದ ಕೇಳಿದಾಗ ಅವಳಿಗೆ ಮೊದಲು ಹೊಳೆಯುವುದು ‘ನನ್ನ ಬಗ್ಗೆ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದಾಳೆ’ ಎಂದು.

ಪುಸ್ತಕಗಳ ವಿಷಯಕ್ಕೆ ಬರೋಣ. ಇಲ್ಲಿ ಮರೆವಿನ ಜತೆ ನಾಚಿಕೆಯೂ ಕೆಲಸ ಮಾಡುತ್ತದೆ. ತಡವಾದಷ್ಟೂ ಕೊಡಲು ಮುಜುಗರ, ಮುಜುಗರವಾದಷ್ಟೂ ಇನ್ನೂ ತಡ. ಷಿಕಾಗೊ ಸಾರ್ವಜನಿಕ ಗ್ರಂಥಾಲಯ 2019ರ ಅಕ್ಟೋಬರ್‌ನಲ್ಲಿ ತಡವಾದ ಪುಸ್ತಕಗಳ ದಂಡವನ್ನು ರದ್ದು ಮಾಡಿತು. ಮುಂದಿನ ಕೆಲವೇ ವಾರಗಳಲ್ಲಿ ವಾಪಸ್ ಬಂದ ಹಳೆಯ ಬಾಕಿ ಪುಸ್ತಕಗಳು ಮೊದಲಿಗಿಂತ ಎರಡು ಪಟ್ಟಿಗೂ ಮೀರಿದವು. ಜನರಿಗೆ ಕೊಡುವ ಮನಸ್ಸಿತ್ತು, ಎದುರಿಗೆ ಬರುವ ಧೈರ್ಯ ಇರಲಿಲ್ಲ. ನೀವೂ ಇದನ್ನೇ ಮಾಡಬಹುದು. ‘ಕಪಾಟು ಜೋಡಿಸ್ತಿದ್ದೀನಿ, ನನ್ನ ಪುಸ್ತಕ ಯಾರ ಹತ್ತಿರ ಇದ್ದರೂ ಈ ತಿಂಗಳು ಕಳಿಸಿಬಿಡಿ, ಎಷ್ಟು ವರ್ಷ ಆಗಿದ್ದರೂ ಚಿಂತೆಯಿಲ್ಲ’ ಎಂದು ಎಲ್ಲರಿಗೂ ಒಂದೇ ಸಂದೇಶ ಕಳಿಸಿ. ಯಾರನ್ನೂ ಬೊಟ್ಟು ಮಾಡಿ ತೋರಿಸಿದಂತಾಗುವುದಿಲ್ಲ. ಎಲ್ಲವೂ ಬರುವುದಿಲ್ಲ. ಬಂದಷ್ಟು ಲಾಭ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1789ರಲ್ಲಿ ನ್ಯೂಯಾರ್ಕ್ ಸೊಸೈಟಿ ಲೈಬ್ರರಿಯಿಂದ ತಂದ ಪುಸ್ತಕವೇ ವಾಪಸ್ ಹೋಗಲಿಲ್ಲ. ಅವರ ಮನೆಯನ್ನು ಈಗ ನೋಡಿಕೊಳ್ಳುತ್ತಿರುವ ಸಂಸ್ಥೆ 2010ರಲ್ಲಿ ಅದೇ ಆವೃತ್ತಿಯ ಬೇರೊಂದು ಪ್ರತಿಯನ್ನು ಹುಡುಕಿ ಕೊಟ್ಟಿತು. ಪುಸ್ತಕ ಉಳಿಸಿಕೊಳ್ಳುವವರೆಲ್ಲ ಅಪ್ರಾಮಾಣಿಕರು ಎಂದರೆ ಲೋಕದಲ್ಲಿ ಪ್ರಾಮಾಣಿಕರೇ ಸಿಗಲಾರರು.

ನಿಮ್ಮ ಗಂಡ ‘ಯಾರಿಗೂ ಏನೂ ಕೊಡಬೇಡ’ ಎನ್ನುವುದು ನಿಮ್ಮ ನೋವು ನೋಡಲಾರದೆ. ಅವರ ಕಾಳಜಿ ಸರಿ, ಪರಿಹಾರ ಸ್ವಲ್ಪ ಜಾಸ್ತಿಯಾಯಿತು. ನಿಮ್ಮ ಸಮಸ್ಯೆ ಮೆತ್ತನೆ ಸ್ವಭಾವದ್ದಲ್ಲ. ಕೊಡುವಾಗ ಅರ್ಧ ಮಾತು ಆಡದೇ ಉಳಿಸಿಕೊಂಡದ್ದು. ಇನ್ನು ಮುಂದೆ ಯಾರಾದರೂ ಏನಾದರೂ ಕೇಳಿದಾಗ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಮುರಿದರೆ ಅಥವಾ ಬರದೇ ಹೋದರೆ ನಾನು ಇವರ ಜತೆ ಮೊದಲಿನ ಹಾಗೆಯೇ ಇರುತ್ತೇನಾ? ಇರುತ್ತೇನೆ ಎಂದಾದರೆ ಕೊಡಿ. ಇಲ್ಲ ಎಂದಾದರೆ ‘ಇದನ್ನ ಯಾರಿಗೂ ಕೊಡಲ್ಲ ಕಣೇ, ಅಮ್ಮಂದು’ ಎಂದು ಹೇಳಿ. ಇಷ್ಟಕ್ಕೆ ಮುನಿಸಿಕೊಳ್ಳುವವರು ಕಡಿಮೆ. ಕೊಡುವುದಾದರೆ ಯಾವ ಕೆಲಸಕ್ಕೆ, ಯಾವ ದಿನದವರೆಗೆ ಎಂದು ಆಗಲೇ ಹೇಳಿ, ಫೋನಿನಲ್ಲಿ ಆ ದಿನಕ್ಕೆ ನೆನಪು ಹಾಕಿಟ್ಟುಕೊಳ್ಳಿ. ಒಂದು ಫೋಟೊ ತೆಗೆದಿಟ್ಟರೂ ತಪ್ಪಿಲ್ಲ. ಸಾಕ್ಷಿಗೆಂದು ಹೇಳುತ್ತಿಲ್ಲ, ಯಾರಿಗೆ ಯಾವುದನ್ನು ಕೊಟ್ಟೆವು ಎಂದು ಕೊಟ್ಟವರಿಗೇ ಮರೆತುಹೋಗುತ್ತದೆ.

ಠೇವಣಿ ಇಡಿಸಿಕೊಳ್ಳುವುದು, ತಡವಾದರೆ ದಂಡ ಎನ್ನುವುದು ಗೆಳೆಯರ ನಡುವೆ ಬೇಡ. ಯೂರಿ ಗ್ನೀಝಿ ಮತ್ತು ಆಲ್ಡೊ ರುಸ್ಟಿಕಿನಿ ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ನಡೆಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಪಾಠ. ಮಕ್ಕಳನ್ನು ತಡವಾಗಿ ಕರೆದೊಯ್ಯುವ ತಂದೆ ತಾಯಿಗೆ ದಂಡ ಹಾಕಿದರು. ತಡ ಮಾಡುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು. ದಂಡ ತೆಗೆದ ಮೇಲೂ ಹಳೆಯ ಸ್ಥಿತಿಗೆ ಬರಲಿಲ್ಲ. ಅಲ್ಲಿಯವರೆಗೆ ಟೀಚರ್ ಕಾಯಬೇಕಲ್ಲ ಎನ್ನುವ ಸಂಕೋಚ ಇತ್ತು. ಹಣ ಕಟ್ಟಿದ ಮೇಲೆ ಆ ಸಂಕೋಚ ಹೋಯಿತು. ಗೆಳೆತನದಲ್ಲಿ ವಸ್ತುವನ್ನು ವಾಪಸ್ ತರುವುದು ಆ ಸಂಕೋಚವೇ. ಅದಕ್ಕೆ ಬೆಲೆ ಕಟ್ಟಿಬಿಟ್ಟರೆ ಆಮೇಲೆ ಹಿಡಿಯಲು ಏನೂ ಇರುವುದಿಲ್ಲ.

ಬೇಕಂತಲೇ ಮಾಡುವವರೂ ಇದ್ದಾರೆ, ಇಲ್ಲ ಎನ್ನುವುದಿಲ್ಲ. ಅವರ ಗುರುತು ತಡ ಮಾಡುವುದಲ್ಲ. ನೇರವಾಗಿ ಕೇಳಿದಾಗ ಏನು ಮಾಡುತ್ತಾರೆ ಎನ್ನುವುದು. ‘ನೀನು ಕೊಟ್ಟಿರಲೇ ಇಲ್ಲ’ ಎನ್ನುತ್ತಾರೆ, ಅಥವಾ ‘ಇಷ್ಟಕ್ಕೆಲ್ಲ ಕೇಳ್ತೀಯಾ’ ಎಂದು ನಿಮ್ಮನ್ನೇ ನಾಚಿಸುತ್ತಾರೆ, ಅಥವಾ ನಿಮಗೆ ಹೇಳದೆ ಮೂರನೆಯವರಿಗೆ ದಾಟಿಸಿರುತ್ತಾರೆ. ಹಿಂದಿನದು ಬಾಕಿ ಇರುವಾಗಲೇ ಹೊಸದನ್ನು ಕೇಳುತ್ತಾರೆ. ಅಂಥವರಿಗೆ ಎರಡನೇ ವಸ್ತು ಕೊಡಬೇಡಿ. ಬೆಲೆಬಾಳುವ ವಸ್ತುವಾದರೆ ಬರವಣಿಗೆಯಲ್ಲಿ ಕೇಳಿ, ಆ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ, ಬೇಕಾದರೆ ವಕೀಲರನ್ನು ಕಾಣಿ. ಅಲ್ಲಿ ಉಳಿಸಿಕೊಳ್ಳಲು ಸ್ನೇಹವೇನೂ ಉಳಿದಿರುವುದಿಲ್ಲ.

ಡ್ರಿಲ್ ತೆಗೆದುಕೊಂಡ ಗೆಳೆಯನ ಬಗ್ಗೆ ಒಂದು ಮಾತು. ಅವನು ಹೇಳದೇ ಇಟ್ಟು ಹೋದದ್ದು ಸರಿಯಲ್ಲ. ಮುರಿದದ್ದಕ್ಕಿಂತ ಮುಚ್ಚಿಟ್ಟದ್ದೇ ನಿಮ್ಮನ್ನು ಚುಚ್ಚಿದೆ ಅನಿಸುತ್ತದೆ. ಆದರೂ ಅವನ ಕೈಯಲ್ಲೇ ಮುರಿಯಿತು ಎಂದು ಮೊದಲೇ ತೀರ್ಮಾನಿಸಬೇಡಿ. ಹಳೆಯ ಚಕ್, ಅಂದರೆ ಆ ಬಿಟ್ ಹಿಡಿಯುವ ಭಾಗ, ಬಳಸುತ್ತಾ ತಾನೇ ಸವೆದು ಮುರಿಯುವುದೂ ಉಂಟು. ‘ಡ್ರಿಲ್‌ನ ಚಕ್ ಮುರಿದಿದೆ, ನಿನ್ನ ಹತ್ತಿರ ಇದ್ದಾಗ ಏನಾದರೂ ಆಗಿತ್ತಾ?’ ಎಂದು ಕೇಳಿ, ಸುಮ್ಮನಿರಿ. ಸಾಮಾನ್ಯವಾಗಿ ಚಕ್ ಒಂದನ್ನೇ ಬಿಚ್ಚಿ ಬೇರೆ ಹಾಕಿಸಬಹುದು, ಇಡೀ ಮೆಷಿನ್ ಹೋಗಿಲ್ಲ. ‘ಹೌದು ಮಾರಾಯ್ತಿ, ಹೇಳೋಕೆ ಮುಜುಗರ ಆಯ್ತು’ ಎಂದರೆ ರಿಪೇರಿ ಮಾಡಿಸಿಕೊಡಲು ಹೇಳಿ. ಇಲ್ಲ ಎಂದರೆ ಅಲ್ಲಿಗೆ ಬಿಡಿ, ಮುಂದೆ ಕೊಡುವಾಗ ಅವನ ಎದುರೇ ಒಂದು ಸಲ ಓಡಿಸಿ ತೋರಿಸಿ ಕೊಡಿ.

ಡ್ರಿಲ್ ಗೆಳೆಯನಿಗೆ ಮಾಡುವ ಈ ಫೋನನ್ನೇ ಮೊದಲು ಮಾಡಿ. ಇಲ್ಲಿ ಕಳೆದುಕೊಳ್ಳುವುದು ಕಡಿಮೆ, ನೇರವಾಗಿ ಕೇಳಿದರೆ ಆಕಾಶ ಬೀಳುವುದಿಲ್ಲ ಎನ್ನುವುದು ನಿಮಗೆ ಗೊತ್ತಾಗುತ್ತದೆ. ಅದರ ಮರುದಿನವೇ ಗೆಳತಿ ಜತೆ ಮಾತಾಡಿ. ಮೊದಲ ದಿನ ಅವಳು ಸಪ್ಪಗಾಗಬಹುದು, ಎರಡು ದಿನ ಫೋನ್ ಮಾಡದಿರಬಹುದು. ಅದು ಬಹುಪಾಲು ನಾಚಿಕೆ, ಕೋಪವಲ್ಲ. ಆಗ ನೀವೇ ಫೋನ್ ಮಾಡಿ, ಮೆಷಿನ್ ಬಿಟ್ಟು ಬೇರೆ ಏನಾದರೂ ಮಾತಾಡಿ. ಹೇಳಿದ ಭಾನುವಾರ ಹೋಗಿ. ಅವತ್ತೂ ಮೆಷಿನ್ ಸಿಗದಿದ್ದರೆ ನನಗೆ ಮತ್ತೆ ಬರೆಯಿರಿ, ಮುಂದಿನದನ್ನು ಆಗ ನೋಡೋಣ.